ಲಾರಿಗೆ ಯೂರಿಯಾ, ಲಗಮವ್ವನಿಗೆ ಹೊಟ್ಟೆಕಿಚ್ಚು

ಮೂಡಲಲ್ಲಿ ಈಗಷ್ಟೇ ಕೆಂಪು ಹತ್ತುತ್ತಿದೆ. ಸಿರಸಂಗಿ ದಾಟಿ ಕಟಕೋಳದ ಕಡೆ ಹೊರಟ ರಸ್ತೆಯ ಬದಿಗೆ, ಸಕ್ಕರೆ ಚೀಲ ಹೇರಿದ ಲಾರಿಯೊಂದು ಉಸ್ಸೆಂದು ನಿಲ್ಲುತ್ತದೆ. ಡ್ರೈವರ್ ಇಳಿದು, ಡೀಸೆಲ್ ಟಾಕಿಯ ಪಕ್ಕದ ಸಣ್ಣ ಟಾಕಿಯ ನೀಲಿ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಕೂಗು ಬೀಳುತ್ತದೆ.

"ಏ ಯಪ್ಪಾ, ಕೈ ತಗೀ! ಆ ಎಣ್ಣಿ ಕೈಲೆ ಮುಟ್ಟಬ್ಯಾಡ!"

ಲಗಮವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಾಳೆ. ಒಂದು ಕೈಯಲ್ಲಿ ಬಿಳಿ ಬಕೆಟ್, ಇನ್ನೊಂದರಲ್ಲಿ ಒಗೆದು ಒಣಗಿಸಿದ ಅರಿವೆ. ಕೂಸಿನ ಮೂಗು ಒರೆಸಿದಂತೆ ಮುಚ್ಚಳದ ಸುತ್ತಲಿನ ಧೂಳು ಒರೆಸಿ, ಆಮೇಲೆ ಅದನ್ನು ತಿರುವುತ್ತಾಳೆ. "ಧೂಳ ಒಳಗ ಬಿದ್ರ ಫಿಲ್ಟರ್ ಕಟ್ಟತೈತಿ. ಕಟ್ಟಿದ ಮ್ಯಾಲ ನನ್ನ ಹೆಸರ ಹಿಡದು ಬೈತೀರಿ."

ಟಾಕಿ ತುಂಬಿದ ಮೇಲೆ ಡ್ರೈವರ್ ರೊಕ್ಕ ಕೈಗಿಟ್ಟು, ಮುಖ ಗಂಟು ಹಾಕಿಕೊಂಡೇ ಪಕ್ಕದ ಚಾದಂಗಡಿಗೆ ಹೋಗುತ್ತಾನೆ. ಅಲ್ಲಿ ಕಾಲಿಟ್ಟದ್ದೇ ತಡ, ಮನುಷ್ಯನೇ ಬೇರೆಯಾಗುತ್ತಾನೆ. "ಅವ್ವಾ, ಒಂದ ಖಡಕ್ ಚಾ ಕೊಡವಾ! ಎರಡ ದಿನಾ ಆತು ನಿನ್ನ ಕೈ ಚಾ ಕುಡೀದ!"

ಲಗಮವ್ವನ ಕಣ್ಣು ಅತ್ತಲೇ ನೆಟ್ಟಿರುತ್ತದೆ. "ನೋಡಿದ್ರೇನ್ರಿ? ನನ್ನ ಕಡೆ ನಿಂತಾಗ ಬಾಯಾಗ ಹುಣ್ಣ ಆದೋರಂಗ ಇದ್ದ. ಅಲ್ಲಿ ಹೋಗಿ ಹಲ್ಲ ಕಿಸ್ಯಾಕ ಹತ್ಯಾನ. ಆಕಿ ಅವ್ವ. ನಾ ಯೂರಿಯಾದಾಕಿ."

ಆ ಚಾದಂಗಡಿ ಶೆಟ್ಟೆವ್ವನದು. ಶೆಟ್ಟೆವ್ವ ಬೇರೆ ಯಾರೂ ಅಲ್ಲ, ಲಗಮವ್ವನ ನೆಗೆಣ್ಣಿ, ಮೈದುನನ ಹೆಂಡತಿ. ಎರಡೂ ಅಂಗಡಿಗಳ ನಡುವೆ ಒಂದು ಜೋಳದ ದಂಟಿನ ತಟ್ಟಿ ಮಾತ್ರ ಇದೆ. ಆಚೆ ನಗು, ಈಚೆ ಗೊಣಗಾಟ.

ಲಗಮವ್ವ ಮಾರುವ ಸರಕೇ ಅಂಥದು. ಬಕೆಟ್‌ನ ಮೇಲೆ ಡಿಇಎಫ್ ಎಂದಿರುತ್ತದೆ, ಡ್ರೈವರುಗಳ ಬಾಯಲ್ಲಿ ಅದು ಯೂರಿಯಾ. ಕಲ್ಲುಸುಣ್ಣದ ಅಂಶವೆಲ್ಲ ತೆಗೆದ ಶುದ್ಧ ನೀರಿನಲ್ಲಿ ಶುದ್ಧ ಯೂರಿಯಾ ಕರಗಿಸಿದ ದ್ರವ. ಹೊಲಕ್ಕೆ ಎರಚುವ ಗೊಬ್ಬರವನ್ನು ಕಲಸಿ ಹಾಕಿದರೆ ಗಾಡಿ ಕೆಟ್ಟು ಕೂರುತ್ತದೆ. ಹೊಸ ಡೀಸೆಲ್ ಗಾಡಿಗಳ ಹೊಗೆಯಲ್ಲಿನ ವಿಷ ತಗ್ಗಿಸಲು ಇದನ್ನು ಸೈಲೆನ್ಸರಿನೊಳಗೆ ಸಿಂಪಡಿಸುವ ಏರ್ಪಾಡಿದೆ. ನೂರು ಲೀಟರ್ ಡೀಸೆಲ್ಲಿಗೆ ನಾಲ್ಕೈದು ಲೀಟರ್ ಬೇಕು. ಲೀಟರಿಗೆ ಅರವತ್ತರ ಆಸುಪಾಸು ಬೆಲೆ. ಹಾಕಿದ್ದಕ್ಕೆ ಗಾಡಿ ಜೋರಾಗಿ ಓಡುವುದಿಲ್ಲ, ಮೈಲೇಜೂ ಹೆಚ್ಚುವುದಿಲ್ಲ. ಹಾಕದಿದ್ದರೆ ಮಾತ್ರ ಡ್ರೈವರನ ಮುಂದೆ ಎಚ್ಚರಿಕೆಯ ದೀಪ ಹತ್ತಿ, ಎಂಜಿನ್ನಿನ ದಮ್ಮು ಇಳಿದು, ಏರು ಬಂದಲ್ಲಿ ಲಾರಿ ಮುದಿ ಎತ್ತಿನಂತೆ ನಿಂತುಬಿಡುತ್ತದೆ. ಇಂಥದನ್ನು ಮಾರುವ ಹೆಂಗಸನ್ನು ಯಾರು ಅವ್ವ ಎಂದು ಕರೆಯುತ್ತಾರೆ?

ಗಂಡ ಶಂಕ್ರೆಪ್ಪ ಹಿಂದೆ ಲಾರಿ ಡ್ರೈವರ್. ಬೆನ್ನುಮೂಳೆ ಕೈಕೊಟ್ಟ ಮೇಲೆ ಸ್ಟೇರಿಂಗ್ ಬಿಟ್ಟ. ಬೈಲಹೊಂಗಲದ ವ್ಯಾಪಾರಿಯೊಬ್ಬರು ಅವನ ಹಳೆ ಪರಿಚಯದ ಮೇಲೆ ಬಕೆಟ್ ಕೊಡಲು ಒಪ್ಪಿದರು. ಅಂಗಡಿ ಗಂಡನ ಹೆಸರಿನಲ್ಲಿದೆ, ದುಡಿಮೆ ಹೆಂಡತಿಯದು. ಬಿಸಿಲು ತಾಗಿದರೆ ಸರಕು ಕೆಡುತ್ತದೆಂದು ಬೇವಿನ ಗಿಡದ ಕೆಳಗೆ ಛಪ್ಪರ ಹಾಕಿ, ಅದರ ಮೇಲೆ ಹಸಿ ಗೋಣಿತಟ್ಟು ಹೊದಿಸಿದ್ದಾಳೆ. ಬೇಸಿಗೆಯಲ್ಲಿ ಆ ಗೋಣಿಗೆ ನೀರು ಹೊಡೆಯುವುದೇ ಒಂದು ಕೆಲಸ. ಲಾಳಿಕೆಯನ್ನು ಯಾರಿಗೂ ಕೊಡುವುದಿಲ್ಲ. ಅದರಲ್ಲಿ ಒಬ್ಬ ಡೀಸೆಲ್ ಸುರಿದರೆ ಮುಂದಿನವನ ಟಾಕಿ ಹಾಳು.

"ನನ್ನ ಬೆನ್ನಿಗೆ ಇಷ್ಟ ಕಾಳಜಿ ಮಾಡಿದ್ರ ನಾ ಇನ್ನೂ ಗಾಡಿ ಹೊಡೀತಿದ್ದೆ," ಎಂದು ಶಂಕ್ರೆಪ್ಪ ಹೊರಸಿನ ಮೇಲಿಂದ ಚುಚ್ಚುತ್ತಾನೆ.

"ನಿಮಗೂ ಒಂದ ನೀಲಿ ಮುಚ್ಚಳ ಇದ್ರ ಮಾಡತಿದ್ದೆ ಬಿಡ್ರಿ," ಎನ್ನುತ್ತಾಳೆ ಲಗಮವ್ವ.

ಅಂಗಡಿ ಇಟ್ಟು ಒಂದು ವರ್ಷವಾದ ಮೇಲೆ ಶೆಟ್ಟೆವ್ವ ಪಕ್ಕದಲ್ಲಿ ಒಲೆ ಹೂಡಿದಳು. ಹಾದಿ ಮಾಡಿದವಳು ತಾನು, ಜನ ಕೂಡಿದ್ದು ಅವಳಲ್ಲಿ. ಈ ಮಾತು ಲಗಮವ್ವನಿಗೆ ಇವತ್ತಿಗೂ ನುಂಗಲಾರದ ತುತ್ತು. ಡ್ರೈವರುಗಳು ಮಗಳ ಮದುವೆ ಸುದ್ದಿ ಶೆಟ್ಟೆವ್ವನಿಗೆ ಹೇಳುತ್ತಾರೆ. ಗೋಕಾಕದ ಕರದಂಟು ಶೆಟ್ಟೆವ್ವನಿಗೆ ತರುತ್ತಾರೆ. ಲಗಮವ್ವನಿಗೆ ಹೇಳುವುದು ಒಂದೇ ಮಾತು, "ರೇಟ್ ಮತ್ತ ಏರಿಸಿದೇನು?"

ಹೋದ ಬೇಸಿಗೆಯಲ್ಲಿ ಈ ಕಿಚ್ಚಿಗೆ ಎಣ್ಣೆ ಬಿತ್ತು.

ಖಾಲಿಯಾದ ಬಕೆಟ್‌ಗಳು ಗಟ್ಟಿ, ಮುಚ್ಚಳವೂ ಬಿಗಿ. ಈ ಭಾಗದ ಮನೆಮನೆಯಲ್ಲೂ ಅವಕ್ಕೆ ಬೇಡಿಕೆ. ಶೆಟ್ಟೆವ್ವ ನಾಲ್ಕು ಒಯ್ದು ತೊಳೆದು, ಚಾಕ್ಕೆ ಬೇಕಾದ ಬೋರಿನ ನೀರು ತುಂಬಿ, ಧೂಳು ಬೀಳದಂತೆ ಮುಚ್ಚಿ, ತಟ್ಟಿಯಾಚೆಗೂ ಚಾಚಿದ ಬೇವಿನ ನೆರಳಲ್ಲಿ ಇಟ್ಟಿದ್ದಳು. ಅವತ್ತು ಲಗಮವ್ವ ಗಂಡನನ್ನು ರಾಮದುರ್ಗದ ದವಾಖಾನೆಗೆ ಕರೆದುಕೊಂಡು ಹೋಗಿದ್ದಳು. ಗೋವಿನಜೋಳ ಹೇರಿಕೊಂಡು ಬಂದ ನಿಜಗುಣಪ್ಪ ಎಂಬ ಡ್ರೈವರ್ ಅವಸರದಲ್ಲಿದ್ದ. ನೆರಳಲ್ಲಿದ್ದ ಬಕೆಟ್ ತಾನೇ ಎತ್ತಿ, ತಾನೇ ಸುರಿದುಕೊಂಡು, ರೊಕ್ಕವನ್ನು ಶೆಟ್ಟೆವ್ವನ ಕೈಗೆ ಕೊಟ್ಟ. ಯಾವ ಬಕೆಟ್ ಎತ್ತಿದ ಎಂದು ಅವಳು ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ.

ಗಾಡಿ ಬಹಳ ದೂರ ಹೋಗಲಿಲ್ಲ. ದೀಪ ಹತ್ತಿತು, ದಮ್ಮು ಇಳಿಯಿತು. ಗ್ಯಾರೇಜಿನಲ್ಲಿ ಟಾಕಿ ಬಿಚ್ಚಿದರೆ ಒಳಗೆ ಇದ್ದದ್ದು ಬರೀ ಗಡಸು ನೀರು. ಟಾಕಿ ತೊಳೆದು, ಪಂಪು, ನಾಜಲ್ ಬದಲಿಸುವಷ್ಟರಲ್ಲಿ ನಿಜಗುಣಪ್ಪನ ಆ ತಿಂಗಳ ದುಡಿಮೆ ನೀರಾಯಿತು. ಸವದತ್ತಿಯಿಂದ ಕಿತ್ತೂರಿನವರೆಗೆ ಡ್ರೈವರುಗಳ ಬಾಯಲ್ಲಿ ಒಂದೇ ಸುದ್ದಿ: ಲಗಮವ್ವ ನೀರು ಬೆರೆಸುತ್ತಾಳೆ.

ಅವನು ಕೆಂಡವಾಗಿ ಬಂದು ನಿಂತಾಗ ಲಗಮವ್ವ ನೆರಳಲ್ಲಿದ್ದ ಬಕೆಟ್‌ಗಳನ್ನು ನೋಡಿದಳು. ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಮನೆಯ ಮಾನ ಎಂದು ನುಂಗಿಕೊಳ್ಳುವ ಪೈಕಿ ಅವಳಲ್ಲ. "ನೀ ಹಾಕ್ಕೊಂಡಿದ್ದು ನನ್ನ ಮಾಲ ಅಲ್ಲೋ! ಅಕಾ ನೋಡು, ಆಕಿ ಚಾದ ನೀರು!" ಎಂದು ರಸ್ತೆಗೆಲ್ಲ ಕೇಳುವಂತೆ ಚೀರಿದಳು.

ಶೆಟ್ಟೆವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಷ್ಟೇ ಸಾಕಾಯಿತು. "ಪಾಪ, ಆಕಿಗೇನ ಗೊತ್ತು," ಎಂದ ಒಬ್ಬ. "ಬಕೆಟ್ ನಿಂದ, ಅಂಗಡಿ ನಿಂದ. ಆಕಿ ಮ್ಯಾಲ ಯಾಕ ಹಾಕತಿ?" ಎಂದ ಇನ್ನೊಬ್ಬ.

"ತಪ್ಪ ಆಕಿದು, ಬೈಗಳ ನನಗ. ಅಳಾಕ ಬರ್ತಿದ್ರ ನಾನೂ ಅಳ್ತಿದ್ದೆ," ಎಂದು ಲಗಮವ್ವ ಈಗಲೂ ಹಲ್ಲು ಕಡಿಯುತ್ತಾಳೆ.

ಅಳು ಬಾರದ ಅವಳು ಹಾರೆ ಎತ್ತಿಕೊಂಡಳು. ಸೀದಾ ತಟ್ಟಿಯಾಚೆ ನುಗ್ಗಿ, ನಾಲ್ಕೂ ಬಕೆಟ್‌ಗಳ ತಳಕ್ಕೆ ಒಂದೊಂದು ತೂತು ಹೊಡೆದಳು. ನೀರು ಹರಿದು ಶೆಟ್ಟೆವ್ವನ ಒಲೆ ಆರಿತು. ಅವತ್ತಿನಿಂದ ಒಂದು ಪದ್ಧತಿ ಶುರುವಾಯಿತು. ಸೀಲನ್ನು ಡ್ರೈವರನ ಕಣ್ಣ ಮುಂದೆಯೇ ಒಡೆಯುವುದು. ಬಕೆಟ್ ಖಾಲಿಯಾದೊಡನೆ ಅವನ ಮುಂದೆಯೇ ತಳಕ್ಕೆ ತೂತು ಹೊಡೆಯುವುದು. ಯಾರು ಬೇಡಿದರೂ ತೂತಿಲ್ಲದ ಒಂದು ಬಕೆಟ್ ಹೊರಗೆ ಹೋಗುವುದಿಲ್ಲ. ಊರ ಹೆಂಗಸರು ಶಾಪ ಹಾಕಿದರು. ಲಗಮವ್ವ ಜಗ್ಗಲಿಲ್ಲ.

ಮುರಿದ ನಂಬಿಕೆ ಕೂಡಲು ಮಳೆಗಾಲ ಮುಗಿಯಬೇಕಾಯಿತು. ಅಷ್ಟು ದಿನ ಲಾರಿಗಳು ನಿಲ್ಲದೆ ಮುಂದೆ ಹೋದವು. ಮೊದಲು ತಿರುಗಿ ಬಂದವನು ಅದೇ ನಿಜಗುಣಪ್ಪ. "ಬ್ಯಾರೆ ಕಡೆ ಹಾಕ್ಸಿದ್ರ ಒಳಗ ಏನೈತೋ ಅಂತ ಧಾಕ. ಇಲ್ಲಿ ಹಂಗಿಲ್ಲ. ಮಾತ ಮಾತ್ರ ಕೊಡ್ಲಿಲೆ ಕಡದಂಗ ಇರ್ತಾವು," ಎಂದು ನಗುತ್ತಾನೆ. ಈಗ ದಿನಕ್ಕೆ ಹತ್ತು ಹನ್ನೆರಡು ಗಾಡಿ ನಿಲ್ಲುತ್ತವೆ.

ಹೊಟ್ಟೆಕಿಚ್ಚು ಆರಿದೆಯೇ ಎಂದರೆ, ಇಲ್ಲ. "ಯಾಕ ಆರಬೇಕ್ರಿ? ನನಗ ಕರದಂಟ ಬ್ಯಾಡ. ಗಾಡಿ ಯಾರ ಸಲುವಾಗಿ ನಿಲ್ತಾವು ಅನ್ನೂದ ಒಮ್ಮಿ ಯಾರರ ಬಾಯಿ ಬಿಟ್ಟ ಅನ್ಲಿ. ಅಷ್ಟ ಸಾಕು," ಎನ್ನುತ್ತಾಳೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ.

ತಟ್ಟಿಯಾಚೆ ಶೆಟ್ಟೆವ್ವ ಸೋಸುವ ಅರಿವೆ ಹಿಂಡುತ್ತ ಗಿರಾಕಿಗಳೊಂದಿಗೆ ಹರಟುತ್ತಿದ್ದಾಳೆ. ಆ ಕೆಟ್ಟ ದಿನಗಳ ಮಾತು ಬರುತ್ತದೆ. "ಅಕ್ಕನ ಕಡೆ ಗಾಡಿ ನಿಲ್ಲೂದ ಬಿಟ್ಟೂವಲ್ರಿ, ನನ್ನ ಚಾ ಕೇಳೋರೂ ಯಾರೂ ಇದ್ದಿದ್ದಿಲ್ಲ. ಕಾಸಿದ ಹಾಲ ಮನೀಗೆ ಒಯ್ದು ಹೆಪ್ಪ ಹಾಕ್ತಿದ್ದೆ. ನನ್ನ ಚಾದ ಸಲುವಾಗಿ ನಿಲ್ತಾರಂತ ಅಕ್ಕ ತಿಳದಾಳ. ಆಕಿ ಸಲುವಾಗಿ ನಿಂತೋರು ನನ್ನ ಕಡೆ ಬರ್ತಾರ, ಅಷ್ಟ."

ಈಚೆ, ಮುಚ್ಚಳ ಒರೆಸುತ್ತಿದ್ದ ಲಗಮವ್ವನ ಕೈ ನಿಲ್ಲುತ್ತದೆ. ಅರಿವೆಯನ್ನು ಹೆಗಲಿಗೆ ಹಾಕಿಕೊಂಡು, ತಟ್ಟಿಯ ಕಡೆ ತಿರುಗಿ, ಎದುರಿಗಿದ್ದ ಡ್ರೈವರುಗಳೆಲ್ಲ ಬೆಚ್ಚುವಂತೆ ಕೂಗುತ್ತಾಳೆ:

"ಏ ಶೆಟ್ಟೆವ್ವಾ, ಏನಂದಿ? ಕೇಳಸಲಿಲ್ಲ! ಇನ್ನೊಮ್ಮಿ ಅನ್ನು, ಜೋರಲೆ!"