ಕಟ್ಟಿದ ಕೈ, ಇಳಿಬಿಟ್ಟ ಕೈ

ಒಮಾನಿನ ವಾದಿ ಕಬೀರ್ ಬಡಾವಣೆಗೆ ಬಂದ ವಾರವೇ ಮಸೀದಿಯಲ್ಲಿ ಬೇಸ್ತು ಬಿದ್ದೆ. ಮಧ್ಯಾಹ್ನದ ನಮಾಜಿಗೆ ತುಸು ತಡವಾಗಿ ಹೆಂಗಸರ ಕೋಣೆ ಹೊಕ್ಕರೆ, ಎಲ್ಲರೂ ಕೈ ಇಳಿಬಿಟ್ಟು ಸುಮ್ಮನೆ ನಿಂತಿದ್ದರು. ನಮ್ಮ ಬಂಟ್ವಾಳದಲ್ಲಿ ಎದೆಯ ಮೇಲೆ ಕೈ ಕಟ್ಟಿದರೇ ನಮಾಜು. ಇನ್ನೂ ಶುರುವಾಗಿಲ್ಲವೆಂದು ಪಕ್ಕದವರಿಗೆ ಸಲಾಂ ಹೇಳಿ, ಎಸಿಯ ಹತ್ತಿರ ಜಾಗ ಹುಡುಕತೊಡಗಿದೆ. ಅಷ್ಟರಲ್ಲಿ ಸಾಲಿಗೆ ಸಾಲೇ ಬಾಗಿತು. ನಾನೊಬ್ಬಳು ಕೊಕ್ಕರೆಯಂತೆ ನಿಂತಿದ್ದೆ. ಒಮಾನಿನ ಇಬಾದಿ ಪಂಥದವರು ಕೈ ಕಟ್ಟುವುದಿಲ್ಲವೆಂದು ಆಮೇಲೆ ತಿಳಿಯಿತು.

ನನ್ನ ಸಂಶೋಧನೆಯೇ ಇಂಥ ಜಗಳಗಳ ಮೇಲೆ! ವಸಾಹತು ಕಾಲದ ಪಶ್ಚಿಮ ಆಫ್ರಿಕಾದ ಪತ್ರಿಕೆಗಳಲ್ಲಿ ಮುಸ್ಲಿಮರು ಧರ್ಮದ ಬಗ್ಗೆ ವಾದಿಸಿ ಬರೆದ ಪತ್ರಗಳನ್ನು ಓದುತ್ತೇನೆ. ಕೈ ಕಟ್ಟಬೇಕೋ ಇಳಿಬಿಡಬೇಕೋ ಎಂದು ಅಲ್ಲಿಯೂ ಜಟಾಪಟಿ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುವುದು ಸುಮ್ಮನೆ ಅಲ್ಲ.

ನಿಜವಾದ ಜಗಳ ಮನೆಗೇ ಬಂತು. ಊರಿಂದ ನನ್ನ ತಾಯಿ, ಉಮ್ಮ, ವಿಸಿಟ್ ವೀಸಾದಲ್ಲಿ ಬಂದಿದ್ದರು. ಮೇಲಿನ ಮಹಡಿಯ ಒಮಾನಿ ಗೆಳತಿಯನ್ನು ನೋಡಿ ಕಲಿತ ನನ್ನ ಮಗಳು ಹಿಬಾ, ನಮಾಜಿಗೆ ಉಮ್ಮನ ಪಕ್ಕ ಕೈ ಇಳಿಬಿಟ್ಟು ನಿಂತಳು.

"ಇದೆಂಥ ಮಾರಾಯ್ತಿ? ಊರಿಗೊಂದು ದಾರಿ, ಇವಳಿಗೊಂದು ದಾರಿಯಾ?" ಉಮ್ಮ ಸಿಡುಕಿದರು. "ನಾಳೆ ನಾನು ಸತ್ತರೆ ನನ್ನ ಮಯ್ಯಿತ್ ನಮಾಜಿಗೂ ಹೀಗೇ ನಿಲ್ಲುವುದಾ?"

"ಬೋತ್ ಆರ್ ಓಕೆ," ಎಂದಳು ಹಿಬಾ. ಉಮ್ಮ ತಮ್ಮ ಚಾಪೆ ಎತ್ತಿಕೊಂಡು ಒಳಕೋಣೆಗೆ ಹೋದರು. ಮರುದಿನವೂ ಅಲ್ಲೇ, ಬಾಗಿಲು ಮುಚ್ಚಿಕೊಂಡು.

ಆ ಪತ್ರಗಳಲ್ಲೂ ಹೀಗೇ ಆಗಿತ್ತು: ಮೊದಲು ಬೇರೆ ಸಾಲು, ಆಮೇಲೆ ಬೇರೆ ಮಸೀದಿ. ನನ್ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಎರಡನೇ ಮಸೀದಿ ಏಳಲು ಬಿಡುವುದಿಲ್ಲವೆಂದು ನಿಶ್ಚಯಿಸಿದೆ. ಮಗಳ ಕೈಯನ್ನೂ ಹಿಡಿದು ಕಟ್ಟಿಸಲಾರೆ. ಸಂಜೆ ಹಿಬಾಳನ್ನು ಕರೆದುಕೊಂಡು ಹೋಗಿ, ಉಮ್ಮನ ಕೋಣೆಯಲ್ಲೇ ಚಾಪೆ ಹಾಸಿದೆ. ಆ ಆಫ್ರಿಕಾದವರ ಕಥೆ ಹೇಳಿದೆ.

"ಬೇರೆಯಾದವರು ತಿರುಗಿ ಬಂದರಾ?" ಉಮ್ಮ ಕೇಳಿದರು.

"ಎಷ್ಟೋ ಜನ ಬರಲಿಲ್ಲ ಉಮ್ಮ."

ಉಮ್ಮ ಹಿಬಾಳತ್ತ ತಿರುಗಿದರು. "ನಿಲ್ಲು, ತಡ ಆಯ್ತು," ಎಂದು ನಮ್ಮಿಬ್ಬರ ನಡುವೆ ಬಂದು, ಕೈಯನ್ನು ಸ್ವಲ್ಪ ಬಿಗಿಯಾಗಿಯೇ ಕಟ್ಟಿದರು.

ಈ ರಜೆಗೆ ಬಂಟ್ವಾಳಕ್ಕೆ ಹೋಗಿದ್ದೆ. ಇಲ್ಲಿ ಒಮಾನಿನಲ್ಲಿ ಕೈ ಕಟ್ಟಿ ನಿಂತರೆ ನಾನು ಹೊರಗಿನವಳೆಂದು ಸಾಲಿಗೇ ಗೊತ್ತಾಗುತ್ತದೆ. ಊರಲ್ಲಾದರೂ ನಿರಾಳ ಅಂದುಕೊಂಡಿದ್ದೆ. ನಮಾಜಿಗೆ ನಿಂತವಳ ಕೈ ಒಂದು ಗಳಿಗೆ ಹಾಗೇ ಇಳಿದುಕೊಂಡಿತ್ತು. ಗಾಬರಿಯಿಂದ ಕಟ್ಟಿಕೊಂಡೆ. ಪಕ್ಕದಲ್ಲಿದ್ದ ಉಮ್ಮ ಕಂಡರು. ಮರುದಿನ ತಮ್ಮ ಚಾಪೆಯನ್ನು ನನ್ನದಕ್ಕೆ ಇನ್ನಷ್ಟು ಹತ್ತಿರ ಎಳೆದು ಹಾಸಿದರು.