ಹನುಮಂತಪ್ಪನವರ ಬಲಗಣ್ಣು

ಹನುಮಂತಪ್ಪನವರೇ, ನಿಮ್ಮ ಬಲಗಣ್ಣಿಗೆ ಕಲ್ಲಿನ ಚೂರು ಬಡಿದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಹೆಂಡತಿಗೆ ಅದು ರೋಗ ಎಂದು ಹೇಳಿದೆ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ — ಆಮೇಲೆ ಬರೆಯುವ ಧೈರ್ಯ ಉಳಿಯುತ್ತದೋ ಇಲ್ಲವೋ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತು. ನಾನು ಮಣಿಪಾಲದ ಒಂದು ಕಣ್ಣಾಸ್ಪತ್ರೆಯ ದಾಖಲೆ ಕೋಣೆಯಲ್ಲಿದ್ದೆ. ಮನೆಗೆ ಹೋದ ರೋಗಿಗಳ ಫೈಲು ನೋಡಿ, ಕಾಯಿಲೆಗೆ ತಕ್ಕ ಕೋಡ್ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಕಣ್ಣಿನೊಳಗೆ ತುಂಬಿರುವ ಗಾಜಿನಂಥ ಲೋಳೆಗೆ ರಕ್ತ ಇಳಿದರೆ ಅದಕ್ಕೊಂದು ಕೋಡ್. ಪೆಟ್ಟು ಬಿದ್ದು ಇಳಿದ ರಕ್ತವಾದರೆ ಪೆಟ್ಟಿನ ಕೋಡ್ ಬೇರೆ, ಪೆಟ್ಟು ಹೇಗಾಯಿತೆಂಬುದಕ್ಕೆ ಇನ್ನೊಂದು. ಅದನ್ನು ತಿಳಿಯಲು ಫೈಲಿನ ಹಿಂದಿನ ಹಾಳೆಗಳನ್ನೂ ಓದಬೇಕು. ನಾನು ಓದುತ್ತಿರಲಿಲ್ಲ. ಡಾಕ್ಟರು ಮೇಲಿನ ಹಾಳೆಯಲ್ಲಿ ಗೀಚಿದ ಕೊನೆಯ ಸಾಲು ನೋಡಿ ಮುಗಿಸಿಬಿಡುತ್ತಿದ್ದೆ. ಎಲ್ಲರಿಗಿಂತ ಬೇಗ ಮುಗಿಸುವವಳೆಂಬ ಹೆಸರಿತ್ತು, ಅದರ ಜಂಬವೂ ಇತ್ತು. ನಿಮ್ಮ ಫೈಲಿಗೂ ಹಾಗೇ ಮಾಡಿದೆ.

ರಕ್ತ ತಾನಾಗಿ ಕರಗದಿದ್ದರೆ ಆಪರೇಶನ್ ಆಗಬೇಕು, ತಡ ಮಾಡಬಾರದು ಎಂದು ಹೇಳಿ ಡಾಕ್ಟರು ನಿಮ್ಮನ್ನು ಕಳಿಸಿದ್ದರು. ಕೆಲಸದಲ್ಲಿ ಬಿದ್ದ ಪೆಟ್ಟಾದರೆ ಅದನ್ನು ಮಾಡಿಸುವುದು ಕಾರ್ಕಳದ ಆ ಕಲ್ಲುಕೋರೆಯ ಧಣಿಯ ಹೊಣೆ. ಅವರು ಆಸ್ಪತ್ರೆಯಿಂದ ಸರ್ಟಿಫಿಕೇಟು ತರಿಸಿದರು. ಅದು ನಾನು ಹಾಕಿದ ಕೋಡ್ ಪ್ರಕಾರವೇ ಅಚ್ಚಾಗುವಂಥದ್ದು — ಪೆಟ್ಟಿನ ಸುದ್ದಿಯೇ ಇಲ್ಲ, ಬರೀ ಕಣ್ಣಿನ ರೋಗ. ರೋಗಕ್ಕೆ ತಾನು ಹೊಣೆಯಲ್ಲ ಎಂದರಂತೆ ಧಣಿ.

ಆಗ ನಿಮ್ಮ ಹೆಂಡತಿ ರೇಣವ್ವ ನನ್ನ ಕಿಟಕಿಗೆ ಬಂದರು. ನಿಮಗೆ ಪೆಟ್ಟಾದಾಗ ಆಕೆ ಬಾಗಲಕೋಟೆ ಕಡೆಯ ನಿಮ್ಮ ಊರಿನಲ್ಲಿದ್ದವರು, ಕಣ್ಣಾರೆ ಕಂಡವರಲ್ಲ.

"ಅಕ್ಕಾರ, ನಮ್ಮನಿಯವರು ಕಲ್ಲ ಬಡದೈತಿ ಅಂತಾರ್ರೀ. ಕಾಗದದಾಗ ರೋಗ ಅಂತ ಐತಂತ. ಯಾವುದು ಖರೇ ಐತಿ, ನೀವ ನೋಡಿ ಹೇಳ್ರಿ."

ಫೈಲು ತೆಗೆದೆ. ಮೊದಲ ಬಾರಿಗೆ ಹಾಳೆ ತಿರುವಿದೆ. ದಾಖಲಾದ ದಿನ ಸಿಸ್ಟರು ಗುಂಡಗೆ ಬರೆದ ಸಾಲು ಅಲ್ಲೇ ಇತ್ತು — ಕಲ್ಲು ಒಡೆಯುವಾಗ ಚೂರು ಹಾರಿ ಬಲಗಣ್ಣಿಗೆ ಬಡಿದಿದೆ. ಕಿಟಕಿಯಾಚೆಯಿಂದ ರೇಣವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ತಿದ್ದಬಹುದಿತ್ತು. ಫೈಲು ಹಿಡಿದು ಮುಖ್ಯಸ್ಥರ ಕೋಣೆಗೆ ಹೋಗಿ, ತಪ್ಪಾಗಿದೆ ಎಂದರೆ ಸಾಕಿತ್ತು. ಆದರೆ ಆ ವಾರವೇ ನನ್ನ ಕೆಲಸ ಕಾಯಂ ಆಗುವುದರಲ್ಲಿತ್ತು. ಒಂದು ಫೈಲು ತಪ್ಪಿದೆ ಎಂದರೆ ಉಳಿದವನ್ನೂ ತೆಗೆಸಿ ನೋಡುತ್ತಾರೆ, ಆಗ — ಆಗ ಏನೇನು ಹೊರಬೀಳುತ್ತಿತ್ತೋ, ನನಗೇ ಗೊತ್ತಿರಲಿಲ್ಲ.

"ರೋಗ ಅಂತಲೇ ಉಂಟು," ಎಂದೆ. "ಡಾಕ್ಟರು ಬರೆದದ್ದು. ನಾನು ಎಂತ ಮಾಡ್ಲಿಕ್ಕೆ ಆಗ್ತದೆ?"

ಆಕೆ ಕೈಮುಗಿದು ಹೋದರು. ನಾನು ಕಾಯಂ ಆದೆ. ಕಾಪುವಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದೆವು — ನೆನೆದರೆ ನನ್ನ ಮೇಲೆ ನನಗೇ ಅಸಹ್ಯ. ಅಂದಿನಿಂದ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಯಾರಾದರೂ ಹಳೆಯ ಫೈಲು ಕೇಳಿದರೆ ಅದು ನಿಮ್ಮದೋ ಎಂದು ಮೊದಲು ಹೆಸರು ನೋಡುತ್ತಿದ್ದೆ.

ವರ್ಷಗಳಾದವು. ಕಳೆದ ವಾರ ಬೆಳ್ಮಣ್‌ನಲ್ಲಿ ನೆಂಟರ ಮದುವೆ. ಹಾಲ್‌ನ ಹಿಂದೆ ಕೈತೊಳೆಯಲು ಹೋದಾಗ ಪಾತ್ರೆ ತಿಕ್ಕುತ್ತಿದ್ದ ಹೆಂಗಸೊಬ್ಬರು "ಅಕ್ಕಾರ, ಈ ಕಡೆ ಬರ್ರಿ, ಅಲ್ಲಿ ಜಾರತೈತಿ" ಎಂದರು. ಆ ದನಿ! ನನ್ನ ಗುರುತು ಅವರಿಗಿರಲಿಲ್ಲ. ಸುಮ್ಮನೆ ಬರಬಹುದಿತ್ತು. ಆಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ, ಉಗಿಯಲಿ ಎಂದು ನಿಂತೆ.

ರೇಣವ್ವ ಬೂದಿಯ ಕೈಯಲ್ಲೇ ಕುಳಿತರು. "ಕಣ್ಣ ಹೋತು, ಹೋಗ್ಲಿ ಬಿಡ್ರಿ. ನಿಮ್ಮ ಮಾತ ನಂಬಿ ನಾ ಅವರನ್ನ ನಂಬಲಿಲ್ಲಲ್ರೀ. ರೋಗ ಮುಚ್ಚಿಟ್ಟು ಕಲ್ಲಿನ ಮ್ಯಾಲೆ ಹಾಕತಿ, ಸುಳ್ಳ ಅಂತ ಇಷ್ಟ ವರ್ಷ ಬೈದೇನ್ರೀ. ಆಮ್ಯಾಲೆ ಅವರು ಹೇಳೂದ ಬಿಟ್ರು." ಕಣ್ಣೊರೆಸಿಕೊಂಡು ಗೇಟಿನ ಕಡೆ ತೋರಿಸಿದರು. "ಅವರು ಅಲ್ಲೇ ವಾಚ್‌ಮನ್ ಅದಾರ. ನೀವ ಹೋಗಿ ಹೇಳ್ರಿ. ನನಗ ಬಾಯಿ ಇಲ್ಲ."

ಹೋದೆ. ಹೆಜ್ಜೆಯ ಸದ್ದಿಗೆ ನೀವು ಇಡೀ ತಲೆಯನ್ನೇ ತಿರುಗಿಸಿ, ಎಡಗಣ್ಣಿನಿಂದ ನೋಡಿ, "ಏನ ಬೇಕಾಗಿತ್ರಿ ಅಕ್ಕಾರ?" ಎಂದಿರಿ. ನನ್ನ ನಾಲಗೆ — ಅದೇ ಹಳೆಯ ನಾಲಗೆ.

"ಉಡುಪಿ ಬಸ್ಸು ಎಲ್ಲಿ ನಿಲ್ತದೆ?" ಎಂದು ಕೇಳಿದೆ.

ನೀವು ಎದ್ದು, ರಸ್ತೆಯವರೆಗೂ ಬಂದು, ಬಸ್ಸಿಗೆ ಕೈಯಡ್ಡ ಹಿಡಿದು, ನನ್ನನ್ನು ಹತ್ತಿಸಿದಿರಿ.

ನಾಳೆ ಮತ್ತೆ ಬೆಳ್ಮಣ್‌ಗೆ ಬರುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ರೇಣವ್ವನ ಎದುರಿನಲ್ಲಿ, ಕೇಳಿಸಿಕೊಳ್ಳುವ ಎಲ್ಲರ ಎದುರಿನಲ್ಲಿ, ಒಂದೇ ಮಾತು ಹೇಳುತ್ತೇನೆ — ಹನುಮಂತಪ್ಪ ಸುಳ್ಳು ಹೇಳಿರಲಿಲ್ಲ, ಹೇಳಿದವಳು ನಾನು.