ಜೀಪಿನಲ್ಲಿ ಕಾಲಿಡುವ ಜಾಗ

ಆಸ್ಪತ್ರೆ ವಾಹನಗಳ ವರ್ಕ್‌ಶಾಪಿನಲ್ಲಿ ಎಲ್ಲರೂ ಆಕೆಯನ್ನು ಫಿಟ್ಟರಮ್ಮ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಇನ್ಯಾರನ್ನೋ ಕರೆಯುತ್ತಿದ್ದಾರೆಂದು ಆಕೆ ತಿರುಗಿಯೂ ನೋಡುತ್ತಿರಲಿಲ್ಲ. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಮುಂಗೈ, ಕೊರಳಲ್ಲಿ ಸದಾ ದರ್ಜಿಯ ಅಳತೆ ಟೇಪು. ಗಂಡನ ಅಂಗಡಿಯಿಂದ ಎತ್ತಿಕೊಂಡು ಬಂದದ್ದು. ಕಬ್ಬಿಣದ ಟೇಪು ಇಂಜಿನ್ನಿನ ಸಂದುಗೊಂದಿನಲ್ಲಿ ಬಾಗುವುದಿಲ್ಲ, ಬಟ್ಟೆಯದಾದರೆ ಎಲ್ಲಿ ಬೇಕಾದರೂ ನುಗ್ಗುತ್ತದೆ ಎಂಬುದು ಆಕೆಯ ವಾದ.

ಮೂಗಿನ ತುದಿಯಲ್ಲೇ ಕೋಪ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಕೋಪ ಹುಟ್ಟಿನಿಂದ ಬಂದದ್ದಲ್ಲ. ಅದೇ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪ ತೀರಿಕೊಂಡಾಗ ಆಕೆಗೆ ಕಸ ಗುಡಿಸುವ ಕೆಲಸ ಕೊಟ್ಟರು. ಗಂಡಸರು ಜೀಪಿನಡಿ ಮಲಗಿ ಕೆಲಸ ಮಾಡುವಾಗ, "ಏ, ಸ್ವಲ್ಪ ಬೆಳಕು ಹಿಡಿ ಬಾ" ಎನ್ನುತ್ತಿದ್ದರು. ಏಳು ವರ್ಷ ಟಾರ್ಚ್ ಹಿಡಿದಳು. ಬೆಳಕು ಹಿಡಿದವಳು ಕಣ್ಣು ಮುಚ್ಚಿಕೊಂಡಿರುತ್ತಾಳೆಯೇ? ನೋಡಿ ನೋಡಿಯೇ ಕಲಿತಳು. ಫಿಟ್ಟರ್ ಪರೀಕ್ಷೆಗೆ ಕೂತ ದಿನ ಗೇರ್‌ಬಾಕ್ಸ್ ಬಿಚ್ಚಿ, ಒಂದು ಸ್ಕ್ರೂ ಕೂಡ ಮಿಗದಂತೆ ಮತ್ತೆ ಜೋಡಿಸಿ ಕೈ ಒರೆಸಿಕೊಂಡಳು. ಪರೀಕ್ಷಕ ಅದನ್ನು ಮೂರು ಸಲ ತಿರುಗಿಸಿ ನೋಡಿ, "ಯಾರಮ್ಮ ಹೇಳಿಕೊಟ್ಟಿದ್ದು, ಗಂಡನಾ?" ಎಂದು ಕೇಳಿದ.

"ನನ್ ಗಂಡಂಗೆ ಸೂಜಿಗೆ ದಾರ ಪೋಣಿಸೋಕೇ ಕನ್ನಡಕ ಬೇಕು ಸಾರ್" ಎಂದಿದ್ದಳು. ಪಾಸಾದಳು. ಆದರೆ ಆ ಪ್ರಶ್ನೆ ಮಾತ್ರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಈ ವರ್ಕ್‌ಶಾಪಿನಲ್ಲಿ ಒಂದು ಹಳೆಯ ಜೀಪಿತ್ತು. ನಾಲ್ಕೂ ಚಕ್ರ ಎಳೆಯುವ ಗಟ್ಟಿ ಗಾಡಿ. ನದಿಯಾಚೆಯ ಹಾಡಿಗಳಿಗೆ ವಾರಕ್ಕೆ ಮೂರು ದಿನ ಔಷಧಿ, ಲಸಿಕೆ ಹೊತ್ತುಕೊಂಡು ಹೋಗುತ್ತಿದ್ದುದು ಅದೊಂದೇ. ಅದರಲ್ಲಿ ಹೋಗುತ್ತಿದ್ದ ನರ್ಸು ಫಿಟ್ಟರಮ್ಮನ ನಾದಿನಿ, ದರ್ಜಿಯ ತಂಗಿ. ದಾರಿ ವಿಚಿತ್ರವಾಗಿತ್ತು. ಮೊದಲು ನದಿಯ ಮರಳು. ಅದನ್ನು ದಾಟಬೇಕಾದರೆ ಟೈರಿನ ಗಾಳಿ ಅರ್ಧ ಇಳಿಸಬೇಕು, ಆಗ ಟೈರು ಅಗಲವಾಗಿ ಹರಡಿ ಮರಳಿನ ಮೇಲೆ ತೇಲಿದಂತೆ ಹೋಗುತ್ತದೆ. ಆಚೆ ದಡ ಹತ್ತಿದ ಕೂಡಲೇ ಚೂಪು ಕಲ್ಲಿನ ಏರು. ಅಲ್ಲಿ ಗಾಳಿ ತುಂಬಿಸದೆ ಹೋದರೆ ಟೈರು ಹರಿದೇ ಹೋಗುತ್ತದೆ. ಇಳಿಸುವುದು ಸುಲಭ, ತುಂಬಿಸುವುದು ಕಾಲಿನಿಂದ ತುಳಿಯುವ ಪಂಪಿನಲ್ಲಿ. ನಾಲ್ಕು ಟೈರಿಗೆ ಮುಕ್ಕಾಲು ಗಂಟೆ. ಬರುವಾಗ ಮತ್ತೆ ಅದೇ ಕಥೆ. ಡ್ರೈವರ್ ಅಣ್ಣನಿಗೆ ಮಂಡಿ ನೋವು, ಹೀಗಾಗಿ ಪಂಪು ತುಳಿಯುವುದು ಅರ್ಧಕ್ಕರ್ಧ ನಾದಿನಿಯ ಪಾಲಿಗೇ ಬರುತ್ತಿತ್ತು.

ಒಂದು ಮಧ್ಯಾಹ್ನ ಹಾಡಿಯಿಂದ ಹೆರಿಗೆ ನೋವಿನ ಹೆಂಗಸನ್ನು ಕರೆತರುತ್ತಿದ್ದರು. ಮರಳು ದಾಟಿ ಈಚೆ ದಡಕ್ಕೆ ಬಂದು, ಟಾರು ರಸ್ತೆಗೆ ಹತ್ತುವ ಮುನ್ನ ಗಾಳಿ ತುಂಬಿಸಲು ನಿಂತರು. ಎರಡನೇ ಟೈರಿಗೆ ಗಾಳಿ ತುಂಬುವಷ್ಟರಲ್ಲಿ ಒಳಗಿನಿಂದ ಕೂಗು ಕೇಳಿತು. ನಾದಿನಿ ಪಂಪು ಬಿಟ್ಟು ಓಡಿದಳು. ಉರಿ ಬಿಸಿಲಿನಲ್ಲಿ, ಒಂದು ಕಡೆಗೆ ವಾಲಿ ನಿಂತ ಜೀಪಿನಲ್ಲಿ ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು. ಸಂಜೆ ನಾದಿನಿ ಅತ್ತಿಗೆಯ ಮನೆಗೆ ಬಂದು ಹೊಸ್ತಿಲಲ್ಲೇ ಕೂತಳು.

"ಅತ್ತಿಗೆ, ಮಗು ತಲೆ ಹಿಡ್ಕೊಂಡಾಗ್ಲೂ ನನ್ ಬಲಗಾಲು ತುಳೀತಾನೇ ಇತ್ತು. ಪಂಪು ಅಲ್ಲಿರ್ಲಿಲ್ಲ, ಕಾಲು ತುಳೀತಿತ್ತು" ಎಂದು ನಕ್ಕಳು. ನಗುತ್ತಲೇ ಅತ್ತಳು.

ಫಿಟ್ಟರಮ್ಮ ಅಂದೇ ಕೂತು ಅರ್ಜಿ ಬರೆದಳು. ಬ್ಯಾಟರಿಯಿಂದ ಓಡುವ ಒಂದು ಸಣ್ಣ ಏರ್ ಕಂಪ್ರೆಸರ್ ಕೊಡಿ, ಇಪ್ಪತ್ತು ನಿಮಿಷದಲ್ಲಿ ನಾಲ್ಕೂ ಟೈರು ತುಂಬುತ್ತದೆ ಎಂದು. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತೆವಳುತ್ತಾ ಎಂಟು ತಿಂಗಳು ತೆಗೆದುಕೊಂಡಿತು. ಕೊನೆಗೂ ಕಂಪ್ರೆಸರ್ ಬಂತು. ಒಂದೂವರೆ ಇಟ್ಟಿಗೆಯಷ್ಟು ಗಾತ್ರ, ತೂಕದಲ್ಲಿ ಮೂರು ತಿಂಗಳ ಕೂಸಿನಷ್ಟು.

ಪೆಟ್ಟಿಗೆ ಒಡೆದ ದಿನ ಸಾರಿಗೆ ಅಧಿಕಾರಿ ಖುದ್ದಾಗಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಜೀಪಿನ ಹಿಂಬಾಗಿಲು ತೆಗೆಸಿ ಒಳಗೆ ಇಣುಕಿದರು. ಒಂದು ಕಡೆ ಸ್ಟ್ರೆಚರ್, ಒಂದು ಕಡೆ ನರ್ಸಿನ ಸೀಟು, ಮುಂದೆ ಔಷಧಿ ಪೆಟ್ಟಿಗೆ. ಸೀಟಿನ ಮುಂದಿನ ನೆಲವನ್ನು ಪೆನ್ನಿನಿಂದ ತೋರಿಸಿದರು.

"ಇಲ್ಲಿ ಹಾಕ್ಬಿಡಿ."

"ಸಾರ್, ಅದು ನರ್ಸು ಕಾಲಿಡೋ ಜಾಗ."

"ಮಡಚ್ಕೊಂಡು ಕೂತ್ಕೊಳ್ಲಿ. ಕುಳ್ಳಗಿದ್ದಾರಲ್ಲ, ಅವರಿಗೆಷ್ಟು ಜಾಗ ಬೇಕು?"

ಫಿಟ್ಟರಮ್ಮನಿಗೆ ಪಿತ್ತ ನೆತ್ತಿಗೇರಿತು. "ಹೋಗ್ತಾ ಮೂರು ಗಂಟೆ, ಬರ್ತಾ ಮೂರು ಗಂಟೆ ಸಾರ್. ಅದು ಓಡಿದ್ರೆ ಮುಟ್ಟೋಕಾಗದಷ್ಟು ಕಾಯುತ್ತೆ. ಕಾಲು ಸುಟ್ಕೊಳ್ಳೋಕಾ ನರ್ಸ್ ಕೆಲ್ಸಕ್ಕೆ ಸೇರಿದ್ದು? ನಿಮ್ ಮೇಜಿನ ಕೆಳಗೆ ಒಂದು ಒಲೆ ಇಟ್ರೆ ಕೂತ್ಕೊಳ್ತೀರಾ ನೀವು?"

ಸುತ್ತಲಿದ್ದವರು ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡರು. ಅಧಿಕಾರಿಯ ಮುಖ ಕೆಂಪಾಯಿತು. "ಇಡೀ ಗಾಡೀಲಿ ಬೇರೆ ಜಾಗ ಇಲ್ಲ. ನಾನು ನೋಡಿದೀನಿ. ಎರಡು ದಿನ ಮೀಟಿಂಗಿಗೆ ಹೋಗ್ತಿದೀನಿ, ಬರೋದ್ರೊಳಗೆ ಫಿಟ್ ಆಗಿರ್ಬೇಕು" ಎಂದವರೇ ಕಾರು ಹತ್ತಿದರು.

ಬೇರೆ ಜಾಗ ಇಲ್ಲವಂತೆ! ಬಾನೆಟ್ ತೆಗೆದು ನೋಡಿದರೇ? ಬಗ್ಗಿ ನೋಡಿದರೇ? ಪೆನ್ನು ಚಾಚಿದಷ್ಟು ದೂರಕ್ಕೆ ಒಬ್ಬ ಹೆಂಗಸಿನ ಕಾಲು ಸಿಕ್ಕಿತು, ಸಾಕಾಯಿತು. ಆಕೆ ಗಂಡಸಾಗಿದ್ದರೆ, ಅಲ್ಲಿ ಕೂರುವವರು ಡಾಕ್ಟರಾಗಿದ್ದರೆ, ಆ ಪೆನ್ನು ಅಲ್ಲಿಗೆ ಚಾಚುತ್ತಿತ್ತೇ? ಫಿಟ್ಟರಮ್ಮ ಊಟದ ಡಬ್ಬಿಯನ್ನೂ ತೆರೆಯಲಿಲ್ಲ.

ಹಳೆಯ ಚಪ್ಪಲಿ ಪೆಟ್ಟಿಗೆಯ ರಟ್ಟು ಕತ್ತರಿಸಿ, ಅಂಟು ಪಟ್ಟಿ ಸುತ್ತಿ, ಕಂಪ್ರೆಸರಿನ ಉದ್ದ, ಅಗಲ, ಎತ್ತರಕ್ಕೆ ಸರಿಯಾದ ಒಂದು ಪೊಳ್ಳು ಡಬ್ಬ ಮಾಡಿಕೊಂಡಳು. ಭಾರದ ಯಂತ್ರ ಹೊತ್ತು ಎಲ್ಲ ಕಡೆ ತುರುಕಿ ನೋಡುವ ಬದಲು ರಟ್ಟಿನ ಡಬ್ಬ ಹಿಡಿದು ಜಾಗ ಹುಡುಕುವುದು ಜಾಣತನ. ಡ್ರೈವರ್ ಅಣ್ಣ ಬಾಗಿಲಿಗೆ ಒರಗಿ ನೋಡುತ್ತಿದ್ದ.

ಡ್ರೈವರ್ ಸೀಟಿನಡಿ ಡಬ್ಬ ಹೋಯಿತು, ಆದರೆ ಅಲ್ಲಿ ಜ್ಯಾಕು, ಪಾನಾ ಇರಬೇಕು. ಜೊತೆಗೆ ಗಾಳಿಯೇ ಆಡದು, ಯಂತ್ರ ಬೆಂದು ಹೋಗುತ್ತದೆ. ಗಾಡಿಯ ಹೊಟ್ಟೆಯಡಿ ಬೇಕಾದಷ್ಟು ಜಾಗ, ಆದರೆ ಮಳೆಗಾಲದಲ್ಲಿ ನದಿಯ ನೀರು ಆಕ್ಸಲ್ ಮುಟ್ಟುತ್ತದೆ. ಮುಂದಿನ ಬಂಪರಿನ ಹಿಂದೆ ಇಟ್ಟರೆ ಒಂದೇ ವಾರಕ್ಕೆ ಕೆಸರು ತಿಂದು ಸಾಯುತ್ತದೆ.

"ಸ್ಟ್ರೆಚರ್ ಕೆಳಗೆ?" ಎಂದ ಡ್ರೈವರ್ ಅಣ್ಣ.

"ಅಲ್ಲಿರೋ ಆಕ್ಸಿಜನ್ ಸಿಲಿಂಡರನ್ನ ನಿನ್ ತೊಡೆ ಮೇಲೆ ಇಟ್ಕೊಳ್ತೀಯಾ?"

ಉಳಿದದ್ದು ಬಾನೆಟ್ಟಿನ ಒಳಗು. ಬಲಗಡೆ ಹೊಗೆ ಕೊಳವೆಯ ಕಾವು, ಅಲ್ಲಿ ಬೇಡ. ಎಡಗಡೆ, ಮಡ್‌ಗಾರ್ಡಿನ ಒಳಬದಿಯಲ್ಲಿ, ಎರಡನೇ ಬ್ಯಾಟರಿಗೆಂದು ಕಂಪನಿಯವರೇ ಬಿಟ್ಟ ಒಂದು ತಟ್ಟೆ ಇರುತ್ತದೆಂದು ಆಕೆಗೆ ಗೊತ್ತಿತ್ತು. ಎತ್ತರದ ಜಾಗ, ತಂಪು, ಬ್ಯಾಟರಿಗೆ ಎರಡೇ ಗೇಣು. ಹೇಳಿ ಮಾಡಿಸಿದಂತಿತ್ತು. ಆದರೆ ಅಲ್ಲಿ ಆಗಲೇ ಏನೋ ಕೂತಿತ್ತು. ಮೇಲೆ ಕಪ್ಪು ರೆಕ್ಸಿನ್ ಹೊದಿಕೆ. ಎರಡನೇ ಬ್ಯಾಟರಿಯೇ ಇರಬೇಕೆಂದು ಇಷ್ಟು ದಿನ ಯಾರೂ ಎತ್ತಿ ನೋಡಿರಲಿಲ್ಲ. ಎತ್ತಿ ನೋಡಿದಳು. ಕೆಂಪು ಬಣ್ಣದ ಮೂರು ಕೊಂಬು, ಅವುಗಳ ಬುಡದಲ್ಲಿ ಒಂದು ಪುಟ್ಟ ಪಂಪು. ಗಾಳಿ ಊದಿ ಕೂಗುವ ಹಾರನ್ನು.

"ಇದೇನಣ್ಣ?"

ಡ್ರೈವರ್ ಅಣ್ಣ ತಲೆ ಕೆರೆದುಕೊಂಡ. "ಸಾಹೇಬ್ರು ಹೊರಗಿನ ಗ್ಯಾರೇಜಲ್ಲಿ ಹಾಕಿಸಿದ್ದು. ಹೋದ ವರ್ಷ. ಭಾನುವಾರ ನೆಂಟರ ಮನೆಗೆ ಈ ಗಾಡೀಲೇ ಹೋಗ್ತಾರಲ್ಲ, ಪೇಟೇಲಿ ಜನ ದಾರಿ ಬಿಡ್ಲಿ ಅಂತ. ಯಾರ್ಗೂ ಹೇಳ್ಬೇಡ ಅಂದಿದ್ರು."

ಫಿಟ್ಟರಮ್ಮ ರೆಕ್ಸಿನ್ ಹೊದಿಕೆಯನ್ನು ಪೂರ್ತಿ ಕಿತ್ತು ನೆಲಕ್ಕೆ ಎಸೆದಳು. ಡ್ರೈವರ್ ಅಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ಹೆರೋ ಹೆಂಗಸಿಗೋಸ್ಕರ ಟೈರಿಗೆ ಗಾಳಿ ತುಂಬೋಕೆ ಜಾಗ ಇಲ್ಲ. ಇವರ ದೊಡ್ಡಸ್ತಿಕೆ ಊದೋಕೆ ಜಾಗ ಇದೆ" ಎಂದಳು. "ಹನ್ನೆರಡನೇ ನಂಬರ್ ಪಾನಾ ಕೊಡು."

"ಬೇಡ ಕಣಮ್ಮ. ನಿಂಗ್ಯಾಕೆ ಇಲ್ಲದ ಉಸಾಬರಿ? ನನ್ ತಲೆಗೂ ಬರುತ್ತೆ."

"ನೀನು ಇಲ್ಲಿರ್ಲೇ ಇಲ್ಲ. ಬೀಡಿ ಸೇದೋಕೆ ಹೋಗಿದ್ದೆ. ಹೋಗು."

ಅವನು ಹೋಗಲಿಲ್ಲ. ಪಾನಾ ಕೊಟ್ಟು, ಮಂಡಿ ಹಿಡಿದುಕೊಂಡು ಪಕ್ಕದಲ್ಲೇ ಕೂತ.

ಕೊಂಬುಗಳನ್ನು ಬಿಚ್ಚಿ, ರಸೀದಿ ಬರೆಸಿಕೊಂಡು ಸ್ಟೋರಿಗೆ ಒಪ್ಪಿಸಿದಳು. ದಪ್ಪ ತಗಡು ಕತ್ತರಿಸಿ ಬಗ್ಗಿಸಿ, ನಾಲ್ಕು ತೂತು ಕೊರೆದಳು. ಗಾಡಿ ನಡುಗಿದಾಗ ಯಂತ್ರ ಅದುರದಂತೆ ನಾಲ್ಕೂ ಬೋಲ್ಟಿಗೆ ರಬ್ಬರ್ ಬುಶ್ ಕೊಟ್ಟಳು. ಬ್ಯಾಟರಿಯಿಂದ ದಪ್ಪ ವಯರು, ಹತ್ತಿರದಲ್ಲೇ ಫ್ಯೂಸು, ಗಾಳಿ ಎಳೆಯುವ ಬಾಯಿಯನ್ನು ಆದಷ್ಟು ಮೇಲಕ್ಕೆ. ಸ್ವಿಚ್ಚಿಗೆ ಹೊಸ ತೂತು ಕೊರೆಯುವುದೇಕೆಂದು ಹಾರನ್ನಿಗೆ ಹಾಕಿದ್ದ ಕೆಂಪು ಗುಂಡಿಗೇ ವಯರು ಸೇರಿಸಿದಳು. ಮಾರನೆಯ ದಿನ ನಾಲ್ಕೂ ಟೈರಿನ ಗಾಳಿ ಅರ್ಧ ಇಳಿಸಿ ಪರೀಕ್ಷೆ ನಡೆಯಿತು. ಹತ್ತೊಂಬತ್ತು ನಿಮಿಷ. ನೋಡಲು ಬಂದಿದ್ದ ನಾದಿನಿ ತನ್ನ ಸೀಟಿನಲ್ಲಿ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, "ಅತ್ತಿಗೆ, ಇಲ್ಲೇ ನಿದ್ದೆ ಮಾಡ್ಬಿಡ್ಲಾ?" ಎಂದಳು.

ಮೂರನೆಯ ದಿನ ಬೆಳಿಗ್ಗೆ ಅಧಿಕಾರಿ ಬಂದರು. ಜೊತೆಗೆ ಇಬ್ಬರು ಅತಿಥಿಗಳು. ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟರು. ಗೇಟಿನಲ್ಲಿ ಒಂದು ಕೈಗಾಡಿ ಅಡ್ಡ ನಿಂತಿತ್ತು. ಅಧಿಕಾರಿ ಮುಂದಿನ ಸೀಟಿನಿಂದ ಕೈ ಚಾಚಿ ಠೀವಿಯಿಂದ ಕೆಂಪು ಗುಂಡಿ ಒತ್ತಿದರು. ಕೂಗು ಬರಲಿಲ್ಲ. ಬಾನೆಟ್ಟಿನ ಒಳಗಿನಿಂದ ಗುರ್ರ್ ಎಂದು ಹಿಟ್ಟಿನ ಗಿರಣಿಯಂಥ ಸದ್ದು ಶುರುವಾಯಿತು. ಮತ್ತೆ ಮತ್ತೆ ಒತ್ತಿದರು. ಕೈಗಾಡಿಯವನು ಜೀಪು ಕೆಟ್ಟಿದೆಯೆಂದು ತಿಳಿದು, "ತಳ್ಳಬೇಕಾ ಸಾರ್?" ಎಂದು ಓಡಿ ಬಂದ. ಅತಿಥಿಗಳು ಬಾಯಿ ಮುಚ್ಚಿಕೊಂಡು ನಕ್ಕರು.

ಅಧಿಕಾರಿ ಇಳಿದು ನೇರ ವರ್ಕ್‌ಶಾಪಿಗೆ ನುಗ್ಗಿದರು. "ಯಾರನ್ನ ಕೇಳಿ ಬಿಚ್ಚಿದ್ರಿ?"

"ಯಾರನ್ನ ಕೇಳಿ ಹಾಕಿಸಿದ್ರಿ ಸಾರ್?"

"ನಾನು ಹೇಳಿದ ಜಾಗದಲ್ಲಿ ಹಾಕೋದು ನಿಮ್ಮ ಕೆಲಸ."

"ಸರಿಯಾದ ಜಾಗದಲ್ಲಿ ಹಾಕೋದು ನನ್ನ ಕೆಲಸ. ಎಂಟು ತಿಂಗಳು ಒಂದು ಹೆಣ್ಣುಮಗಳು ಆ ದಡದಲ್ಲಿ ಪಂಪ್ ತುಳಿದಿದ್ದಾಳೆ. ಎಂಟು ತಿಂಗಳೂ ನಿಮ್ಮ ಕೊಂಬು ಅಲ್ಲಿ ಹೊದ್ದುಕೊಂಡು ಮಲಗಿತ್ತು. ಜಾಗ ಇಲ್ಲ ಅಂದ್ರಲ್ಲ ಸಾರ್, ನಾಲಿಗೆ ಹೇಗೆ ಹೊರಳ್ತು?"

ಮಧ್ಯಾಹ್ನಕ್ಕೆ ಮೆಮೊ ಬಂತು. ಅನುಮತಿಯಿಲ್ಲದೆ ವಾಹನದಲ್ಲಿ ಬದಲಾವಣೆ, ಮೇಲಧಿಕಾರಿಯೊಂದಿಗೆ ಉದ್ಧಟತನ. ಕ್ಷಮಾಪಣೆ ಬರೆದುಕೊಟ್ಟರೆ ಇಲ್ಲಿಗೇ ಮುಗಿಸುತ್ತೇವೆ ಎಂದು ಗುಮಾಸ್ತ ಒಂದು ಹಾಳೆಯನ್ನು ತಾನೇ ಬರೆದು ತಂದ. ಸಹಿ ಒಂದು ಹಾಕಿದರೆ ಸಾಕಿತ್ತು. ಮನೆಯಲ್ಲಿ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ, "ಹಾಕ್ಬಿಡೇ, ಒಂದು ಸಹಿಗೆ ಏನು ಸವೆಯುತ್ತೆ?" ಎಂದ.

"ನಿನ್ ತಂಗಿ ಕಾಲು" ಎಂದಳು ಆಕೆ. ಅವನು ಮತ್ತೆ ಯಂತ್ರ ತುಳಿಯತೊಡಗಿದ.

ಕ್ಷಮಾಪಣೆಯ ಬದಲು ಆಕೆ ತನ್ನ ಕೈಬರಹದಲ್ಲಿ ನಾಲ್ಕು ಪುಟ ಬರೆದಳು. ರಟ್ಟಿನ ಡಬ್ಬ ಎಲ್ಲೆಲ್ಲಿ ಇಟ್ಟು ನೋಡಿದೆ, ಎಲ್ಲೆಲ್ಲಿ ಯಾಕೆ ಆಗಲಿಲ್ಲ, ಎಡಗಡೆ ತಟ್ಟೆಯಲ್ಲಿ ಏನಿತ್ತು, ಅದರ ರಸೀದಿ ಸಂಖ್ಯೆ ಎಷ್ಟು. ಕೊನೆಯಲ್ಲಿ, ಆ ಕೊಂಬುಗಳು ಯಾರವೆಂದು ತಿಳಿಸಿದರೆ ಅವರಿಗೇ ಮುಟ್ಟಿಸುತ್ತೇನೆ ಎಂದು ಸೇರಿಸಿದಳು.

ಅಲ್ಲಿಗೆ ಕಚೇರಿ ಇಕ್ಕಟ್ಟಿಗೆ ಸಿಕ್ಕಿತು. ನನ್ನದು ಎಂದು ಅಧಿಕಾರಿ ಹೇಳುವಂತಿಲ್ಲ. ನನ್ನದಲ್ಲ ಎಂದರೆ ಆಕೆ ತೆಗೆದದ್ದರಲ್ಲಿ ತಪ್ಪೇನು? ಕಡತ ಮೂರು ತಿಂಗಳು ಮಲಗಿ, ಕೊನೆಗೆ ಒಂದು ಸಾಲಿನಲ್ಲಿ ಎದ್ದಿತು: ಕಂಪ್ರೆಸರ್ ಇದ್ದಲ್ಲೇ ಇರಲಿ, ಫಿಟ್ಟರಿಗೆ ಎಚ್ಚರಿಕೆ ನೀಡಲಾಗಿದೆ. ಆ ಎಚ್ಚರಿಕೆ ಕೆಂಪು ಶಾಯಿಯಲ್ಲಿ ಆಕೆಯ ಸೇವಾ ಪುಸ್ತಕಕ್ಕೆ ಹತ್ತಿತು. ಅಷ್ಟು ವರ್ಷಗಳ ಕೆಲಸದಲ್ಲಿ ಮೊದಲ ಕಪ್ಪುಚುಕ್ಕೆ. ಅಧಿಕಾರಿಯ ಪುಸ್ತಕದಲ್ಲಿ ಏನೂ ಹತ್ತಲಿಲ್ಲ. ನೆಂಟರ ಮನೆಗೆ ಅವರು ಈಗ ಬೇರೆ ಗಾಡಿಯಲ್ಲಿ ಹೋಗುತ್ತಾರಂತೆ.

ಗೆದ್ದೆಯಲ್ಲ ಎಂದು ಜನ ಬೆನ್ನು ತಟ್ಟಿದರು. ಫಿಟ್ಟರಮ್ಮನಿಗೆ ಮೈ ಉರಿಯಿತು. ಗೆಲುವಂತೆ! ಒಂದೂವರೆ ಇಟ್ಟಿಗೆಯಷ್ಟು ಜಾಗ. ಅದಕ್ಕೆ ಎಂಟು ತಿಂಗಳು, ನಾಲ್ಕು ಪುಟ, ಒಂದು ಕೆಂಪು ಶಾಯಿಯ ಸಾಲು.

ಒಂದು ಶನಿವಾರ ರಜೆ ಹಾಕಿ ತಾನೇ ಜೀಪು ಹತ್ತಿದಳು. ಆಚೆ ದಡದಲ್ಲಿ ಗಾಡಿ ನಿಂತಿತು. ನಾದಿನಿ ಇಳಿದು ಗಾಳಿ ಹೋಸಿನ ಸುರುಳಿ ಬಿಚ್ಚಿ ಮುಂದಿನ ಟೈರಿಗೆ ಸಿಕ್ಕಿಸಿ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಒಂದು ಬಂಡೆಯ ನೆರಳಿನಲ್ಲಿ ಕೂತಳು. ಯಂತ್ರ ಗುರ್ರೆನ್ನುತ್ತಿತ್ತು. ಫಿಟ್ಟರಮ್ಮ ಬಾನೆಟ್ಟಿಗೆ ಕಿವಿ ಕೊಟ್ಟು ಕೇಳಿದಳು. ಹಿಂದಿನ ಟೈರಿಗೆ ಹೋಸ್ ಎಳೆಯುವಾಗ ಅದು ಬಿಗಿಯಾಗಿ, ಟೈರಿಗೆ ಸಿಕ್ಕಿಸುವ ಬಾಯಿ ಹತ್ತಿರ ಬಾಗಿದ್ದು ಕಣ್ಣಿಗೆ ಬಿತ್ತು.

"ಹೋಸು ಒಂದು ಮೊಳ ಗಿಡ್ಡ ಆಗಿದೆ. ಯಾಕೇ ಹೇಳ್ಲಿಲ್ಲ ನೀನು?"

"ಅಯ್ಯೋ, ಎಳೆದ್ರೆ ಬರುತ್ತಲ್ಲ ಅತ್ತಿಗೆ. ನಾನೇ ಸರಿ ಮಾಡ್ಕೊಳ್ತೀನಿ."

"ನಾವು ಹಂಗೆಲ್ಲ ಸರಿ ಮಾಡ್ಕೊಂಡೇ ಈ ಸಾಹೇಬ್ರೆಲ್ಲ ಹಿಂಗಾಗಿದ್ದು" ಎಂದು ಫಿಟ್ಟರಮ್ಮ ಗದರಿದಳು. ಕೊರಳಿನ ಟೇಪು ತೆಗೆದು ಬಿಸಿಲಲ್ಲೇ ಮಂಡಿಯೂರಿ, ಟೈರಿನಿಂದ ಬಾನೆಟ್ಟಿನವರೆಗೆ ಅಳೆಯತೊಡಗಿದಳು.